ಮುಂದೆ ಹೋದ ಗಂಟು

ಯುರೋಪಿನ ಉತ್ತರ ತುದಿಯ ಒಂದು ದೇಶಕ್ಕೆ, ಕೆರೆ ಸರೋವರಗಳ ನೀರಿನ ಬಗ್ಗೆ ಓದಲು ಹೋಗುತ್ತೇನೆ ಎಂದು ನಾನು ಹೇಳಿದಾಗ ಅಜ್ಜಿ, "ನಮ್ಮೂರ ಹೆಸರಲ್ಲೇ ಕೆರೆ ಐತಲ್ಲೇ. ಅದನ್ನ ಓದಿ ಮುಗಿಸ್ದಾ?" ಎಂದು ಕೇಳಿದಳು. ಅಪ್ಪ ನಕ್ಕರು. ನಾನು ನಗಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ಅಜ್ಜಿಯಿಂದ ಬಂದ ಬಳುವಳಿ ಎಂದು ಮನೆಯವರೆಲ್ಲ ಹೇಳುತ್ತಾರೆ.

ಅರಸೀಕೆರೆಯಲ್ಲಿ ನಮ್ಮದು ತೆಂಗಿನಕಾಯಿ ವ್ಯಾಪಾರದ ಮನೆ. ಅಟ್ಟದ ತುಂಬ ಕಾಯಿ. ಹತ್ತಿರ ಹತ್ತಿರ ಒಂದು ವರ್ಷ ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡುವವರೆಗೆ ಯಾರೂ ಅವಸರ ಮಾಡುವಂತಿಲ್ಲ. ಹಾಗೆ ಒಣಗಿದ ಕಾಯಿಯನ್ನು ವರ್ಷಕ್ಕೊಮ್ಮೆ ಕೆಳಗೆ ತರುವುದಕ್ಕೆ ಅಟ್ಟ ಇಳಿಸುವುದು ಎನ್ನುತ್ತೇವೆ. ಅಜ್ಜಿಗೆ ಕಾಲದ ಲೆಕ್ಕವೂ ಅದೇ. ಅಪ್ಪ ಹುಟ್ಟಿದ ದಿನ ಅವಳಿಗೆ ಗೊತ್ತಿಲ್ಲ, ಅಟ್ಟ ಇಳಿಸಿದ ಮಾರನೇ ವಾರ ಎಂದು ಮಾತ್ರ ಗೊತ್ತು.

ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಆದರೆ ಆ ದೇಶದಲ್ಲಿ ಇದ್ದು ಓದಲು ಅಲ್ಲಿನ ಸರ್ಕಾರ ವಾಸದ ಪರವಾನಗಿ ಕೊಡಬೇಕು. ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ ಆಗಿತ್ತು. ಇನ್ನು ಬೆಂಗಳೂರಿನ ಅರ್ಜಿ ಕೇಂದ್ರಕ್ಕೆ ಹೋಗಿ, ಮೂಲ ದಾಖಲೆಗಳನ್ನು ತೋರಿಸಿ, ಬೆರಳಚ್ಚು ಕೊಟ್ಟು ಬರಬೇಕಿತ್ತು. ಅದಕ್ಕೆ ಕೇಂದ್ರದವರು ಗೊತ್ತುಮಾಡಿಕೊಡುವ ದಿನವೇ ಸಿಗುತ್ತಿರಲಿಲ್ಲ. ತರಗತಿ ಶುರುವಾಗುವುದರೊಳಗೆ ಪರವಾನಗಿ ಬಾರದಿದ್ದರೆ ಸೀಟು ಹೋದಂತೆಯೇ. ನಾನು ಬೆಳಿಗ್ಗೆ ಎದ್ದ ಕೂಡಲೇ ಫೋನ್ ನೋಡುತ್ತಿದ್ದೆ, ಊಟದ ತಟ್ಟೆಯ ಮುಂದೆ ಕೂತೂ ನೋಡುತ್ತಿದ್ದೆ.

ಅಜ್ಜಿಯ ಚಿಂತೆ ಬೇರೆ. ಆಷಾಢ ಹತ್ತಿರ ಬರುತ್ತಿತ್ತು. ಮಠದ ಅಯ್ಯನವರು ಪಂಚಾಂಗ ನೋಡಿ, ಆಷಾಢಕ್ಕೆ ಮೊದಲು ಒಂದು ಒಳ್ಳೆಯ ದಿನವಿದೆ, ಆಮೇಲೆ ಹುಡುಗಿಯ ನಕ್ಷತ್ರಕ್ಕೆ ಪ್ರಯಾಣ ಕೂಡಿಬರುವುದು ತಡ ಎಂದಿದ್ದರು. ಟಿಕೆಟ್ಟೇ ತೆಗೆಯದವಳು ಹೊರಡುವುದು ಹೇಗೆ? ಅದಕ್ಕೆ ಹಳಬರ ಬಳಿ ಒಂದು ದಾರಿಯಿದೆ, ಪ್ರಸ್ಥಾನ ಇಡುವುದು. ಹೋಗುವವರು ಹೋಗಲಾಗದಿದ್ದರೆ ಅವರ ಗಂಟನ್ನು ಒಳ್ಳೆಯ ದಿನ ಮನೆಯಿಂದ ಹೊರಡಿಸಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾಯಿತು ಎಂದು ಲೆಕ್ಕ. ಆಮೇಲೆ ಯಾವತ್ತು ಹೊರಟರೂ ದೋಷವಿಲ್ಲ. ಆದರೆ ಹೊರಟ ಗಂಟು ಮನೆಗೆ ವಾಪಸು ಬರಬಾರದು.

"ಯುರೋಪು ಯಾವ ದಿಕ್ಕು?" ಎಂದು ಅಜ್ಜಿ ಕೇಳಿದಳು.

"ಪಡುವಣ."

"ಸರಿ, ಹಳೇಬೀಡು."

ಹಳೇಬೀಡಿನಲ್ಲಿ ನನ್ನ ಸೋದರತ್ತೆ ಇದ್ದಾರೆ, ಅಜ್ಜಿಯ ಮಗಳು. ವಿಮಾನ ಹಾರುವುದು ಮೂಡಲಲ್ಲಿರುವ ಬೆಂಗಳೂರಿನಿಂದ ಎಂದು ಹೇಳಲು ಬಾಯಿ ತೆರೆದೆ. ಅಪ್ಪ ಕಣ್ಣಲ್ಲೇ ಬೇಡ ಎಂದರು.

ಗಂಟಿನಲ್ಲಿ ಏನಿಡಬೇಕು ಎಂಬ ಮಾತು ಬಂತು. ಅಕ್ಕಿ, ಅರಿಶಿನ, ಒಂದು ಜೊತೆ ಬಟ್ಟೆ, ಒಂದು ವಿಭೂತಿ ಗಟ್ಟಿ, ಇಷ್ಟು ಆಯಿತು. ಅಜ್ಜಿ ತೃಪ್ತಳಾಗಲಿಲ್ಲ. "ಯಾವುದಿಲ್ದಿದ್ರೆ ನೀನು ಹೋಗಕ್ಕೇ ಆಗಲ್ವೋ ಅದು ಮುಂದೆ ಹೋಗ್ಬೇಕು ಕಣೇ. ಅಂಥದ್ದು ಏನೈತೆ?" ಎಂದಳು. ನಾನು ಪ್ರಾಮಾಣಿಕವಾಗಿ "ಪಾಸ್‌ಪೋರ್ಟು" ಎಂದೆ. ಅದೂ ಹೋಯಿತು, ಜೊತೆಗೆ ಪದವಿಯ ಮೂಲ ಪ್ರಮಾಣಪತ್ರಗಳೂ ಹೋದವು. ಇಷ್ಟು ಓದಿದವಳು ನಾನು, ಆ ಹೊತ್ತಿಗೆ ಅಜ್ಜಿಯ ತರ್ಕದಲ್ಲಿ ಒಂದು ತಪ್ಪೂ ಕಾಣಲಿಲ್ಲ. ಬೆಂಗಳೂರಿನ ದಿನ ಹೇಗೂ ಶ್ರಾವಣಕ್ಕೆ ಮೊದಲು ಸಿಗುವುದಿಲ್ಲ ಎಂದುಕೊಂಡಿದ್ದೆ. ಅಪ್ಪ ಗಂಟನ್ನು ಜಾವಗಲ್ ಮೇಲಿನ ಬಸ್ಸಿನಲ್ಲಿ ಒಯ್ದು ಅತ್ತೆಯ ದೇವರ ಮನೆಯಲ್ಲಿ ಇಟ್ಟು ಬಂದರು.

ಆಷಾಢ ಹುಟ್ಟಿದ ಮೇಲೆ, ಯಾರೋ ಬಿಟ್ಟುಕೊಟ್ಟ ದಿನವೊಂದು ನನಗೆ ಸಿಕ್ಕಿತು. ಅದೇ ವಾರ ಬರಬೇಕು, ಪಾಸ್‌ಪೋರ್ಟು ಕೈಯಲ್ಲಿರಬೇಕು. ಅಪ್ಪ, "ನಾನು ಹೋಗಿ ತಂದ್ಬಿಡ್ತೀನಿ ಬಿಡವ್ವ" ಎಂದರು.

"ಹೊರಟ ಗಂಟು ಹೊಸ್ತಿಲು ದಾಟಿ ಒಳಕ್ಕೆ ಬರಂಗಿಲ್ಲ," ಎಂದಳು ಅಜ್ಜಿ. "ಬೇಕಾದ್ರೆ ಅವಳೇ ಹೋಗಿ ತಗೊಳ್ಳಲಿ. ಗಂಟು ಬಿಚ್ಚಿದ್ಮೇಲೆ ಹೊರಟಂಗೇಯ. ಅವಳೂ ವಾಪಸ್ ಬರಂಗಿಲ್ಲ."

"ಅಂದ್ರೆ ಪರವಾನಗಿ ಬರೋವರ್ಗೂ ನಾನು ಮನೆಗೆ ಬರಬಾರ್ದಾ?"

"ಕೆಲಸ ಆಗ್ಬೇಕು ಅಂದ್ರೆ ಬರಬಾರ್ದು."

"ಬರಲ್ಲ ಬಿಡು," ಎಂದೆ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟೆ. ಅವಳ ಕಾಲಿಗೆ ನಮಸ್ಕಾರ ಮಾಡಲಿಲ್ಲ. ಅವಳೂ ಕೂತಲ್ಲಿಂದ ಏಳಲಿಲ್ಲ. ಬಸ್ಸು ಬಾಣಾವರ ದಾಟುವವರೆಗೂ ಹಲ್ಲು ಕಚ್ಚಿಕೊಂಡಿದ್ದೆ, ಆಮೇಲೆ ಅಳು ಬಂತು.

ಹಳೇಬೀಡಿನಿಂದಲೇ ಹಾಸನದ ಮೇಲೆ ಬೆಂಗಳೂರಿಗೆ ಹೋಗಿ ಬಂದೆ. ಕೌಂಟರಿನ ಹೆಣ್ಣುಮಗಳು ದಾಖಲೆಗಳನ್ನು ನೋಡಿ, ಬೆರಳಚ್ಚು ತೆಗೆದುಕೊಂಡು, "ಈಗ ವಾಸ ಇರೋದು ಇದೇ ಅಡ್ರೆಸ್ಸಲ್ಲಾ?" ಎಂದು ಅರಸೀಕೆರೆಯ ವಿಳಾಸ ತೋರಿಸಿದಳು. ಮಾಮೂಲಿ ಪ್ರಶ್ನೆ. ನಾನು ಆ ವಿಳಾಸವನ್ನು ಇನ್ನೊಮ್ಮೆ ಓದಿಕೊಂಡೆ. "ಹೌದು" ಎಂದೆ. ಪರವಾನಗಿಯ ಕಾರ್ಡು ಅಲ್ಲಿಗೇ ಬರುವುದೆಂದಾಯಿತು.

ಆಮೇಲೆ ಕಾಯುವುದು. ಅತ್ತೆ ಹಳೇಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಹೋಟೆಲ್ ನಡೆಸುತ್ತಾರೆ. ಬೆಳಿಗ್ಗೆ ಅವರಿಗೆ ಚಟ್ನಿ ರುಬ್ಬಿಕೊಟ್ಟು ಕೆರೆ ಏರಿಯ ಕಡೆ ಹೋಗುತ್ತಿದ್ದೆ. ಆಷಾಢದಲ್ಲಿ ಬಂದು ಕೂತಿರುವ ಹುಡುಗಿಯೆಂದರೆ ಹೊಸದಾಗಿ ಮದುವೆಯಾದವಳೇ ಇರಬೇಕೆಂದು ಬೀದಿಯವರು ತೀರ್ಮಾನಿಸಿದ್ದರು. "ಯಜಮಾನ್ರು ಏನ್ ಮಾಡ್ತಾರವ್ವ?" ಎಂದು ಹೂವು ಮಾರುವಾಕೆ ಕೇಳಿದಾಗ, "ಇನ್ನೂ ಅರ್ಜಿ ಹಾಕಿಲ್ಲ" ಎಂದೆ. ಅವಳಿಗೆ ಏನರ್ಥವಾಯಿತೋ, ಒಂದು ಮೊಳ ಸೇವಂತಿಗೆ ಹೆಚ್ಚಿಗೆ ಕೊಟ್ಟಳು.

ದೇವಸ್ಥಾನ ನೋಡಲು ಬಂದ ವಿದೇಶಿಯರು ಅತ್ತೆಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದರು. ಇವರನ್ನು ನಮ್ಮ ದೇಶ ಏನೇನು ಕೇಳಿತ್ತೋ ಎಂದು ನೋಡುತ್ತಾ ನಿಲ್ಲುತ್ತಿದ್ದೆ. ಇರಲು ಅಪ್ಪಣೆ ಕೇಳುವುದು ನನಗೆ ಹೊಸದು. ಹುಟ್ಟಿದ ಮನೆಯಲ್ಲಿ ಇರಲೇ ಎಂದು ಯಾರನ್ನೂ ಕೇಳಿರಲಿಲ್ಲ, ಹಾಗಾಗಿ ಅದು ಯಾರೋ ಕೊಟ್ಟದ್ದು ಎಂಬುದೂ ಹೊಳೆದಿರಲಿಲ್ಲ. ಈಗ ಹೋಗಬೇಕಾದ ದೇಶ ಬಾ ಎಂದಿಲ್ಲ, ನಲವತ್ತು ಕಿಲೋಮೀಟರಿನೊಳಗಿನ ಮನೆ ಬರಬೇಡ ಎಂದಿದೆ. ಒಮ್ಮೊಮ್ಮೆ ಎದ್ದು ಬಸ್ಸು ಹತ್ತಿಬಿಡೋಣ, ಈ ಶಾಸ್ತ್ರ ಹಾಳಾಗಿ ಹೋಗಲಿ ಎನಿಸುತ್ತಿತ್ತು. ಹತ್ತಲಿಲ್ಲ. ಅಜ್ಜಿಯ ನಂಬಿಕೆಯಲ್ಲಿ ನನಗೆ ನಂಬಿಕೆ ಇರಲಿಲ್ಲ, ಆದರೆ ಅದನ್ನು ಮುರಿದ ಮೇಲೆ ಪರವಾನಗಿ ಬಾರದೇ ಹೋದರೆ ಎಂಬ ಭಯ ಇತ್ತು. ಓದು ಕಲಿಸಿದ ಧೈರ್ಯ ಅಷ್ಟೇ.

ಅಜ್ಜಿ ನನ್ನ ಜೊತೆ ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ದಿನಾ ಸಂಜೆ ಮಗಳಿಗೆ ಫೋನ್ ಮಾಡುವಳು. ಅತ್ತೆ ಪಾತ್ರೆ ತೊಳೆಯುತ್ತಾ ಸ್ಪೀಕರ್ ಹಾಕಿಟ್ಟಿರುತ್ತಿದ್ದರು. "ಮಳೆ ಬಂತಾ? ವ್ಯಾಪಾರ ಹೆಂಗೈತೆ?" ಎಂದೆಲ್ಲ ಸುತ್ತಿ ಬಳಸಿ, ಕೊನೆಗೆ, "ಉಂಡ್ಲಾ?" ಎಂದು ಕೇಳುವಳು. ಯಾರು ಎಂದು ಹೇಳುತ್ತಿರಲಿಲ್ಲ. ಅತ್ತೆ ನನ್ನ ಕಡೆ ನೋಡಿ, "ಉಂಡ್ಲು ಕಣವ್ವ" ಎನ್ನುವರು.

ಪರವಾನಗಿ ಮಂಜೂರಾದ ಸುದ್ದಿ ಮೊದಲು ಫೋನಿಗೆ ಬಂತು. ಕಾರ್ಡು ಕೊರಿಯರಿನಲ್ಲಿ ಅರಸೀಕೆರೆಗೆ ತಲುಪಿತು. ಭಾನುವಾರ ಅಂಗಡಿ ಮುಚ್ಚಿ ತಂದುಕೊಡುತ್ತೇನೆ ಎಂದು ಅಪ್ಪ ಹೇಳಿದ್ದರು. ಆದರೆ ಶುಕ್ರವಾರ ಮಧ್ಯಾಹ್ನವೇ ಜಾವಗಲ್ ಕಡೆಯ ಬಸ್ಸಿನಿಂದ ಅಜ್ಜಿ ಇಳಿದಳು. ಹಣೆಯ ಮೇಲೆ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಒಬ್ಬಳೇ ಬಂದಿದ್ದಳು. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆಧಾರ್ ತೋರಿಸಿದರೆ ಸಾಕು. ಇವಳು ಚೀಲದಿಂದ ನನ್ನ ಕಾರ್ಡು ತೆಗೆದು ಕೊಟ್ಟಿದ್ದಳಂತೆ. ಕಂಡಕ್ಟರು ತಿರುಗಿಸಿ ಮುರುಗಿಸಿ ನೋಡಿ, "ಅಜ್ಜಿ, ಈ ದೇಶಕ್ಕೆ ನಮ್ ಬಸ್ ಹೋಗಲ್ಲ, ಇನ್ನೊಂದ್ ಕಾರ್ಡ್ ಕೊಡಿ" ಎಂದನಂತೆ.

"ನೀನ್ಯಾಕೆ ಬಂದೆ?" ಎಂದೆ.

"ನೀನು ಒಳಕ್ಕೆ ಬರಬಾರ್ದು ಅಂದಿದ್ದೆ. ನಾನು ಆಚೆಗೆ ಬರಬಾರ್ದು ಅಂತ ಯಾವ ಶಾಸ್ತ್ರದಾಗೈತೆ?" ಎಂದು ಬೆಂಚಿನ ಮೇಲೆ ಕೂತಳು. ನಾನು ಅಲ್ಲೇ, ಇಡ್ಲಿ ತಿನ್ನುವವರ ನಡುವೆ, ಅವಳ ಕಾಲು ಮುಟ್ಟಿದೆ. ಅವಳ ಕೈ ತುಂಬ ಹೊತ್ತು ನನ್ನ ತಲೆಯ ಮೇಲಿತ್ತು.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಕಾರ್ಡನ್ನು ನನ್ನ ಕೈಗಿಟ್ಟು ಓದು ಎಂದಳು. ನನ್ನ ಹೆಸರು, ಹುಟ್ಟಿದ ದಿನ, ಓದಲು ಬಂದವಳು ಎಂಬ ಗುರುತು ಎಲ್ಲ ಓದಿದೆ. ಕೆಳಗೆ ಒಂದು ದಿನಾಂಕವಿತ್ತು.

"ಅದೇನು?"

"ಅಲ್ಲೀತನಕ ಇರಬೋದು ಅಂತ. ಎರಡು ವರ್ಷ."

"ಆಮೇಲೆ?"

"ಆಮೇಲೆ ಇರಂಗಿಲ್ಲ ಅಜ್ಜಿ. ಹೊರಡ್ಬೇಕು."

ಅವಳ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಮಂಜೂರಾತಿಯಲ್ಲಿ ನೋಡಿದಾಗಿನಿಂದ ನನ್ನನ್ನು ಹೆದರಿಸುತ್ತಿದ್ದ ದಿನಾಂಕ ಅದು. ಅಜ್ಜಿ ಒಳಗಿದ್ದ ಮಗಳನ್ನು ಕೂಗಿದಳು. "ನೋಡೇ ಇಲ್ಲಿ, ಒಳ್ಳೇ ಜನ ಕಣೇ ಅವ್ರು. ಇಂಥ ದಿನ ವಾಪಸ್ ಕಳಿಸ್ತೀವಿ ಅಂತ ಬರ್ದು ಕೊಟ್ಟವ್ರೆ." ಅತ್ತೆಗಾಗಿ ಇನ್ನೊಂದು ಸಲ ಓದಿಸಿದಳು. ಬೆರಳು ಮಡಚಿ, "ಎರಡು ಸಲ ಅಟ್ಟ ಇಳಿಸಿದ್ರೆ ಮುಗೀತು" ಎಂದಳು. ಇಷ್ಟು ದಿನ ನನ್ನನ್ನು ಹೊರಗಿಟ್ಟಿದ್ದವಳು ಒಳಗೆ ಎಷ್ಟು ಹೆದರಿದ್ದಳು ಎಂದು ನನಗೆ ಆಗ ಗೊತ್ತಾಯಿತು.

ಆ ದಿನಾಂಕವನ್ನು ಮುಂದಕ್ಕೆ ಹಾಕಿಸಿಕೊಳ್ಳಬಹುದು ಎಂದು ಅವತ್ತು ನಾನು ಹೇಳಲಿಲ್ಲ. ಇಲ್ಲಿಗೆ ಬಂದು ಒಂದು ಚಳಿಗಾಲ ಕಳೆದಿದೆ. ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ನೀರು ತೆಗೆಯಲು ಕಲಿತಿದ್ದೇನೆ, ಈ ಕೆಲಸ ನನಗೆ ಇಷ್ಟವಾಗಿದೆ. ಓದು ಮುಗಿದ ಮೇಲೂ ಇಲ್ಲೇ ಇರುವಂತೆ ನನ್ನ ಅಧ್ಯಾಪಕಿ ಕೇಳಿದ್ದಾರೆ. ಏನು ಹೇಳಲಿ ಎಂದು ನನಗಿನ್ನೂ ತಿಳಿದಿಲ್ಲ. ಮೊನ್ನೆ ಅಜ್ಜಿ ಫೋನ್ ಮಾಡಿದ್ದಳು. ಈಗ ನನ್ನ ಜೊತೆಯೇ ಮಾತಾಡುತ್ತಾಳೆ.

"ಅಟ್ಟ ಇಳಿಸಿದ್ವಿ ಕಣೇ," ಎಂದಳು. "ಇನ್ನೊಂದೈತೆ."

"ಹೂಂ ಅಜ್ಜಿ," ಎಂದೆ. "ಇನ್ನೊಂದೈತೆ."