ಹದಿನೇಳು ಜೊತೆ ಚಪ್ಪಲಿ

ನಮ್ಮ ಚರ್ಚಿನ ವೆಬ್‌ಸೈಟನ್ನು ಹೊಸದಾಗಿ ಮಾಡಿದವಳು ನಾನು. ಅದರಲ್ಲಿ ಆದ ತಪ್ಪೂ ನನ್ನದೇ. ಯಾವುದು ಮೊದಲಾಯಿತು, ಯಾವುದು ಆಮೇಲಾಯಿತು ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಚರ್ಚ್ ಇರುವುದು ಮಸ್ಕಿಯಲ್ಲಿ. ಒಂದೇ ದೊಡ್ಡ ಕೋಣೆ, ಮೇಲೆ ತಗಡು, ಮುಂದೆ ಬೇವಿನ ಮರ, ಮರದ ಕೆಳಗೆ ಕಲ್ಲಿನ ಕಟ್ಟೆ. ಪಾಸ್ಟರು ಸಿಂಧನೂರಿನಿಂದ ಬೈಕಿನಲ್ಲಿ ಬರುತ್ತಾರೆ. ನಾನು ಲಿಂಗಸುಗೂರಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಮನೆ ಮಸ್ಕಿಯಲ್ಲಿ, ಓಡಾಟ ಬಸ್ಸಿನಲ್ಲಿ. ಶನಿವಾರ ಶಾಲೆ ಅರ್ಧ ದಿನ. ಹಾಗಾಗಿ ಆ ಮಧ್ಯಾಹ್ನದ ಉಪವಾಸ ಪ್ರಾರ್ಥನೆಗೆ ಬಸ್ಸಿಳಿದು ನೇರವಾಗಿ ಹೋಗಿಬಿಡುತ್ತೇನೆ.

ಹಳೆಯ ವೆಬ್‌ಸೈಟನ್ನು ಯಾರೋ ಪರಿಚಯದವರು ಬಹಳ ಹಿಂದೆ ಮಾಡಿಕೊಟ್ಟಿದ್ದರು. ಕಡುನೀಲಿ ಹಿನ್ನೆಲೆಯ ಮೇಲೆ ಹಳದಿ ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತಿದ್ದವು. ಆರಾಧನೆಯ ಸಮಯ ಓದಬೇಕೆಂದರೆ ಅದು ಓಡಿ ಬರುವವರೆಗೆ ಕಾಯಬೇಕಿತ್ತು. ನಾನು ಎಲ್ಲವನ್ನೂ ಬಿಳಿ ಮಾಡಿದೆ. ಸಮಯ, ದಾರಿ, ಕನ್ನಡ ಹಾಡುಗಳು, ನಾಲೆಯ ಕಡೆ ನೆಲೆಸಿದ ಆಂಧ್ರದ ರೈತರ ಕ್ಯಾಂಪುಗಳಿಂದ ಬರುವವರಿಗಾಗಿ ತೆಲುಗು ಹಾಡುಗಳು. ಎಲ್ಲಕ್ಕೂ ಮೇಲೆ ಒಂದು ದೊಡ್ಡ ಫೋಟೋ ಹಾಕಿದೆ.

ಆ ಫೋಟೋವನ್ನು ಒಂದು ಶನಿವಾರ ನಾನೇ ಫೋನಿನಲ್ಲಿ ತೆಗೆದಿದ್ದೆ. ಹದಿನೇಳು ಜನ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದ್ದಾರೆ. ಹದಿನಾರು ಮಂದಿ ತಲೆ ತಗ್ಗಿಸಿದ್ದಾರೆ. ಬಾಗಿಲ ಪಕ್ಕ ಕೂತ ಒಬ್ಬಳು ಮಾತ್ರ ಮುಖ ಎತ್ತಿದ್ದಾಳೆ. ಹೊರಗಿನ ಬೆಳಕು ಅವಳ ಕೆನ್ನೆಯ ಮೇಲಿದೆ. ಇಡೀ ಫೋಟೋ ಚೆನ್ನಾಗಿ ಕಂಡದ್ದು ಆ ಮುಖದಿಂದ. ನಾನು ಆರಿಸಿದ್ದೂ ಆ ಮುಖಕ್ಕಾಗಿ. ಅವಳು ಪಾಮನಕಲ್ಲೂರಿನ ಸೊಸೆ, ಮಸ್ಕಿಯ ಟೇಲರ್ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸಕ್ಕೆ ಬರುತ್ತಾಳೆ, ಶನಿವಾರ ಊಟದ ಬಿಡುವಿನಲ್ಲಿ ಬಂದು ಕೂತು ಹೋಗುತ್ತಾಳೆ. ಅವಳ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ. ಭಾನುವಾರ ಅವಳು ಬರುವುದಿಲ್ಲ ಎಂಬುದನ್ನು ನಾನು ಗಮನಿಸಿದ್ದೆ. ಯಾಕೆ ಎಂದು ಯೋಚಿಸಿರಲಿಲ್ಲ.

ಒಂದು ಭಾನುವಾರ ಆರಾಧನೆಯ ನಂತರ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಬೇಡಿ ತಂದ ಪ್ರೊಜೆಕ್ಟರಿನಲ್ಲಿ ಎಲ್ಲರಿಗೂ ತೋರಿಸಿದೆ. ತಪ್ಪುಗಳನ್ನು ಕೇಳಿ ತಿದ್ದುವುದು ನನ್ನ ಉದ್ದೇಶವಾಗಿತ್ತು. ಬರೆದುಕೊಳ್ಳಲು ನೋಟ್‌ಬುಕ್ಕನ್ನೂ ಒಯ್ದಿದ್ದೆ. ಪಾಸ್ಟರು ಮುಂದೆ ಬಂದು, "ಒಬ್ಬೊಬ್ಬರ ಎದ್ದು ನಿಂತು ನಿಮ್ಮ ಅಭಿಪ್ರಾಯ ಹೇಳ್ರಿ" ಎಂದರು.

ಕೆಲಸ ಕೆಟ್ಟದ್ದು ಅಲ್ಲೇ. ನಮ್ಮ ಸಭೆಯಲ್ಲಿ ಯಾರಾದರೂ ಎದ್ದು ನಿಂತರೆಂದರೆ ಅದು ಸಾಕ್ಷಿ ಹೇಳುವುದಕ್ಕೆ. ದೇವರು ತನಗೆ ಮಾಡಿದ ಒಳಿತನ್ನು ಎಲ್ಲರ ಮುಂದೆ ಹೇಳಿ ಕೂರುವುದು ರೂಢಿ. ನಿಂತವರ ಬಾಯಿಂದ ಬೇರೆ ಮಾತು ಬರುವುದೇ ಇಲ್ಲ.

ಮೊದಲು ಎದ್ದವರು ಸಭೆಯ ಹಿರಿಯರು, ಲೈನ್‌ಮನ್ ಕೆಲಸದಿಂದ ನಿವೃತ್ತರಾದವರು. "ದೇವರಿಗೆ ಸ್ತೋತ್ರ. ಹೋದ ವರ್ಷ ನನ್ನ ಮೊಣಕಾಲು ಹಿಡಕೊಂಡಿತ್ತು. ಮಸ್ಕಿ ದವಾಖಾನಿ ಆತು, ಸಿಂಧನೂರು ದವಾಖಾನಿ ಆತು. ಸಭೆ ಪ್ರಾರ್ಥನಿ ಮಾಡಿತು. ಇವತ್ತ ನಿಮ್ಮ ಮುಂದ ನಿಂತೀನಿ. ವೆಬ್‌ಸೈಟೂ ಚಲೋ ಆಗೈತಿ."

"ಆಮೆನ್" ಎಂದಿತು ಸಭೆ.

ಆಮೇಲೆ ಎದ್ದವರು ಮಗಳ ಹೆರಿಗೆ ಸುಸೂತ್ರವಾದದ್ದನ್ನು ಹೇಳಿ, ವೆಬ್‌ಸೈಟಿಗೂ ಸ್ತೋತ್ರ ಹೇಳಿ ಕೂತರು. ಮತ್ತೊಬ್ಬರು ಕಳೆದುಹೋದ ಎಮ್ಮೆ ಸಿಕ್ಕಿದ್ದನ್ನು ಹೇಳಿದರು. ವೆಬ್‌ಸೈಟ್ ಅವರಿಗೆ ನೆನಪಾಗಲಿಲ್ಲ. ನನ್ನ ನೋಟ್‌ಬುಕ್ಕಿನ ಪುಟ ಖಾಲಿಯೇ ಇತ್ತು. ನಾನೇ ಎದ್ದು ಬೇಡಿಕೊಂಡೆ. "ಏನರ ತಪ್ಪು ಇದ್ರ ಹೇಳ್ರಿ. ಅಕ್ಷರ ಸಣ್ಣ ಆಗ್ಯಾವು ಅಂತನೋ, ಬಣ್ಣ ಹಿಡಿಸಲಿಲ್ಲ ಅಂತನೋ."

ಮುಂದೆ ಕೂತಿದ್ದ ಬಳೆ ಮಾರುವ ಅಜ್ಜಿ ನನ್ನತ್ತ ತಿರುಗಿದಳು. "ಅಯ್ಯ ತಂಗೀ, ದೇವರ ಮನ್ಯಾಗ ನಿಂತು ಯಾರರ ಹುಳುಕು ಹೇಳ್ತಾರೇನು? ಹೊರಗ ಕಟ್ಟಿ ಮ್ಯಾಲ ಕೇಳು, ಬೇಕಾದಷ್ಟು ಹೇಳ್ತೀವಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹೊರಗೆ ಕಟ್ಟೆಯ ಮೇಲೆ ನಾನು ಯಾರನ್ನೂ ಕೇಳಲಿಲ್ಲ. ಹೊಗಳಿಕೆ ಕಿವಿ ತುಂಬಿತ್ತು, ಕೇಳುವ ಮನಸ್ಸು ಉಳಿದಿರಲಿಲ್ಲ. ಅದರ ಬದಲು, "ಎಲ್ಲಾರೂ ಸ್ಟೇಟಸ್ ಇಡ್ರಿ, ನಾಲ್ಕು ಮಂದಿಗೆ ಗೊತ್ತಾಗಲಿ" ಎಂದೆ. ಅಂದು ರಾತ್ರಿ ಎಲ್ಲರೂ ಇಟ್ಟರು. ಬೆಳಗಾಗುವಷ್ಟರಲ್ಲಿ ಆ ಫೋಟೋ ಎಷ್ಟು ಊರು ತಿರುಗಿತ್ತೋ ನನಗೆ ತಿಳಿಯದು.

ಸೋಮವಾರ ಸಂಜೆ ಲಿಂಗಸುಗೂರಿನಿಂದ ಬಂದ ಬಸ್ಸು ಮಸ್ಕಿಯಲ್ಲಿ ನಿಂತಾಗ ಫೋಟೋದಲ್ಲಿ ಮುಖ ಎತ್ತಿದ್ದವಳು ಬಸ್‌ಸ್ಟ್ಯಾಂಡಿನಲ್ಲಿ ನನಗಾಗಿ ಕಾಯುತ್ತಿದ್ದಳು. ಕೈಯಲ್ಲಿ ಊಟದ ಡಬ್ಬಿಯ ಚೀಲ. ಅಂಗಡಿಯಲ್ಲಿ ಗುಂಡಿ ಹಚ್ಚುವವಳು ಯಾರದೋ ಸ್ಟೇಟಸ್ ತೋರಿಸಿ, "ಯಕ್ಕಾ, ನೀ ಫೋನಿನ್ಯಾಗ ಬಂದೀ ನೋಡು" ಅಂದಿದ್ದಳಂತೆ.

"ಟೀಚರ್ರೀ, ಆ ಫೋಟೋ ತೆಗದು ಹಾಕ್ರಿ."

"ಯಾಕವ್ವಾ? ಚಲೋ ಬಂದೀಯಲ್ಲ" ಎಂದೆ. ಹಾಗೆ ಅಂದದ್ದು ನಿಜ, ಅದಕ್ಕೇ ಬರೆಯುತ್ತಿದ್ದೇನೆ.

"ಚಲೋ ಬಂದೈತ್ರಿ. ಅದಕ್ಕ ತೆಗೀರಿ ಅನ್ನಾಕತ್ತೀನಿ. ನೋಡಿದ ಕೂಡ್ಲೇ ಗುರುತು ಹಿಡೀತಾರ." ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ನಾ ಚರ್ಚಿಗೆ ಬರೋದು ಗಂಡಗ ಗೊತ್ತೈತಿ. ನಮ್ಮ ಅತ್ತೀಗೆ ಗೊತ್ತಿಲ್ಲ."

ಅತ್ತೆ ಬೈಯುತ್ತಾರೇನು ಎಂದು ಕೇಳಿದೆ.

"ಆಕಿ ಕೆಟ್ಟಾಕಿ ಅಲ್ರೀ. ನನಗ ಅವ್ವ ಇಲ್ಲ. ಮದುವಿ ಆಗಿ ಬಂದಾಗಿಂದ ನನ್ನ ತಲಿ ಹಿಕ್ಕಿ ಹೆರಳು ಹಾಕಿದಾಕಿ ಆಕಿನ. ಎರಡು ಸಲ ನನ್ನ ಬಸಿರು ಇಳಿದಾಗ ಆಕಿ ನನಗಿಂತ ಹೆಚ್ಚು ಅತ್ತಾಳ. ಪ್ರಾರ್ಥನಿಗೆ ಬಂದು ಕುಂತ್ರ ನನ್ನ ಎದಿ ಹಗುರಾಗತೈತಿ. ಅದನ್ನ ಆಕಿಗೆ ಹೇಳಬೇಕು ಅಂತ ದಿನಾ ಅಂದ್ಕೊಂತೀನಿ. ಖರೇ, ನಾ ಹೇಳಬೇಕ್ರೀ. ಫೋನ್ ಹೇಳಬಾರದು. ಫೋನ್ ಹೇಳಿಬಿಟ್ರ ಆಕಿ ಮುಂದ ನಾ ಕಳ್ಳಿ ಆಗ್ತೀನಿ."

ಪಾಮನಕಲ್ಲೂರಿನ ಬಸ್ಸು ಬಂತು. ಅವಳು ಹತ್ತಿದಳು, ತಿರುಗಿ ನೋಡಲಿಲ್ಲ.

ನಾನು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆಯೇ ಕೂತು ಫೋನಿನಲ್ಲೇ ವೆಬ್‌ಸೈಟಿನಿಂದ ಆ ಫೋಟೋ ತೆಗೆದುಹಾಕಿದೆ. ಆದರೆ ಸ್ಟೇಟಸ್‌ಗಳು ನನ್ನ ಕೈಯಲ್ಲಿರಲಿಲ್ಲ. ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. ಯಾರಿಗೂ ಕಾರಣ ಹೇಳುವಂತಿರಲಿಲ್ಲ. ಹೇಳಿದರೆ ಅದೂ ಇನ್ನೊಂದು ಸ್ಟೇಟಸ್ ಆದಂತೆಯೇ.

"ಜೀವಮಾನದಾಗ ಒಂದ ಫೋಟೋ ಚಲೋ ಬಂದೈತಿ, ಅದನ್ನೂ ತೆಗಸ್ತೀಯೇನಬೇ?" ಎಂದು ತರಕಾರಿ ಮಾರುವ ಅಕ್ಕ ಜಗಳಕ್ಕೆ ನಿಂತಳು.

"ನಿನ್ನೊಬ್ಬಾಕಿದ ಬ್ಯಾರೆ ತೆಗೀತೀನಿ ಯಕ್ಕಾ. ಸೀರಿ ನೀನ ಆರಿಸ್ಕೋ."

"ಹಸಿರು ಸೀರಿ. ಮರೀಬ್ಯಾಡ ಮತ್ತ."

ಹಿರಿಯರು ಮಾತ್ರ ಒಂದೇ ಪ್ರಶ್ನೆ ಕೇಳಿದರು. "ಯಾರಿಗರ ತ್ರಾಸ ಆಗೈತೇನು?" ಹೌದೆಂದೆ. "ಯಾರಂತ ಹೇಳಬ್ಯಾಡ. ತೆಗದೆ ನೋಡು." ಸಿಂಧನೂರಿಗೆ ಫೋನ್ ಮಾಡಿ ಪಾಸ್ಟರಿಗೆ ಮಾತ್ರ ಪೂರ್ತಿ ಹೇಳಿದೆ. ಅವರು, "ನಾನೂ ನೋಡಿದ್ದೆ, ನನಗೂ ಹೊಳೀಲಿಲ್ಲ. ಆಕಿ ಕುಂದರೋ ಜಾಗಾನ ನಾವು ಕಸಗೊಂಡಂಗಾತು. ಇನ್ನ ಮ್ಯಾಲ ಕೇಳದ ಯಾರ ಫೋಟೋನೂ ಹಾಕೋದು ಬ್ಯಾಡ" ಎಂದರು.

ಮರುದಿನ, ಅಂದರೆ ಮಂಗಳವಾರ, ಖಾಲಿ ಜಾಗಕ್ಕೆ ಬೇರೆ ಚಿತ್ರ ಹುಡುಕಿದೆ. ಮೊದಲಿನ ಫೋಟೋ ತೆಗೆದ ಶನಿವಾರವೇ ಒಳಗೆ ಹೋಗುವ ಮುನ್ನ ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನು ಸುಮ್ಮನೆ ತೆಗೆದದ್ದೊಂದು ಫೋನಿನಲ್ಲಿತ್ತು. ಬೇವಿನ ನೆರಳು, ಮಣ್ಣು, ಪಾಸ್ಟರ ಬೂಟೂ ಸೇರಿ ಹದಿನೇಳು ಜೊತೆ. ಯಾರ ಮುಖವೂ ಇಲ್ಲ. ಬಹಳ ಜಾಣತನದ ಕೆಲಸ ಎಂದುಕೊಂಡು ಅದನ್ನು ಹಾಕಿದೆ.

ಆ ವಾರದ ಶನಿವಾರ ಅವಳು ಬರಲಿಲ್ಲ. ಬಾಗಿಲ ಪಕ್ಕದ ಜಾಗದಲ್ಲಿ ಯಾರೂ ಕೂರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. ಟೇಲರ್ ಅಂಗಡಿಯ ಮುಂದೆ ಎರಡು ಸಲ ಹಾದುಹೋದೆ. ಒಳಗೆ ಅವಳು ಮಿಷಿನ್ ಮೇಲೆ ಬಗ್ಗಿದ್ದಳು. ಮಾತನಾಡಿಸುವ ಧೈರ್ಯ ನನಗಾಗಲಿಲ್ಲ. ಮಾತನಾಡಿಸಿದರೆ ಅದೂ ಯಾರ ಕಣ್ಣಿಗಾದರೂ ಬೀಳಬಹುದು ಎನಿಸಿತು.

ಮೂರನೆಯ ಶನಿವಾರ ಬಸ್ಸಿಳಿದು ಹೋದಾಗ ಪ್ರಾರ್ಥನೆ ಶುರುವಾಗಿರಲಿಲ್ಲ. ಬೇವಿನ ಕೆಳಗೆ ಕಟ್ಟೆಯ ಮೇಲೆ ಇಳಕಲ್ ಸೀರೆಯ ಹೆಂಗಸೊಬ್ಬರು ಕೂತಿದ್ದರು. ಅರವತ್ತರ ಆಚೆ ಈಚೆ ಇರಬೇಕು. ನಾನು ಅವರನ್ನು ಹಿಂದೆ ನೋಡಿರಲಿಲ್ಲ. ಬಾಗಿಲಲ್ಲಿ ಅವಳು ನಿಂತಿದ್ದಳು.

"ಹೇಳಿದೆ ರೀ" ಎಂದಳು ನನ್ನನ್ನು ಕಂಡ ಕೂಡಲೇ. "ನಿಮ್ಮನ್ನ ಬಸ್‌ಸ್ಟ್ಯಾಂಡಿನ್ಯಾಗ ಕಂಡ ವಾರದ ಗುರುವಾರನ ಹೇಳಿಬಿಟ್ಟೆ. ಇಬ್ರೂ ರೊಟ್ಟಿ ಬಡೀತಿದ್ವಿ. ಕೈಯಾಗ ಕೆಲಸ ಇದ್ರ ಮಾರಿ ನೋಡಬೇಕಾಗೋದಿಲ್ಲಲ್ಲ. ಫೋಟೋದ್ದೂ ಹೇಳಿದೆ. ಆಕಿ ಏನೂ ಅನ್ನಲಿಲ್ಲ, ರೊಟ್ಟಿ ಮಾತ್ರ ಜೋರಾಗಿ ಬಡದಳು. ಎರಡು ವಾರ ಮಾತು ಅಷ್ಟಕ್ಕಷ್ಟ, ನನಗೂ ಇಲ್ಲಿ ಬರೋ ಮನಸಾಗಲಿಲ್ಲ. ನಿನ್ನೆ, 'ನಾನೂ ಬಂದು ನೋಡ್ತೀನಿ' ಅಂದಾಳ."

ನಾನು ತಂಬಿಗೆಯಲ್ಲಿ ನೀರು ಒಯ್ದು ಕಟ್ಟೆಯ ಮೇಲಿದ್ದ ಅವಳ ಅತ್ತೆಗೆ ಕೊಟ್ಟೆ. ಎತ್ತಿ ಕುಡಿದರು.

"ಒಳಗ ಬರ್ರಿ ಅವ್ವಾರ" ಎಂದೆ.

"ಒಲ್ಲೆವ್ವಾ. ನನ್ನ ದೇವರು ನನಗ ಅದಾನ. ಇಲ್ಲಿ ಗಾಳಿ ಚಲೋ ಐತಿ." ಒಂದು ಗಳಿಗೆ ಬಿಟ್ಟು ಕೇಳಿದರು. "ಅದೇನೋ ಫೋನಿನ್ಯಾಗ ಹಾಕೀರಂತಲ್ಲ, ತೋರ್ಸು. ನನ್ನ ಸೊಸಿ ಬಂದಾಳಂತ."

"ಅದನ್ನ ತೆಗದೀನ್ರಿ."

"ಹಂಗಾದ್ರ ಈಗ ಇದ್ದದ್ದು ತೋರ್ಸು."

ಅವರು ಫೋನನ್ನು ತೋಳಿನಷ್ಟು ದೂರ ಹಿಡಿದು ನೋಡಿದರು. ಸೊಸೆ ಒಳಗೆ ಹೋದಳು, ಹಾಡು ಶುರುವಾಯಿತು. ಬಹಳ ಹೊತ್ತಿನ ಮೇಲೆ ಒಂದು ಜೊತೆ ಚಪ್ಪಲಿಯ ಮೇಲೆ ಬೆರಳಿಟ್ಟರು.

"ಇವು ನಮ್ಮಾಕಿವು."

ನಾನು ಪಕ್ಕಕ್ಕೆ ಹೋಗಿ ಬಗ್ಗಿದೆ.

"ಉಂಗುಷ್ಟ ಹರಿದಿತ್ತು. ನಾನ ಒಯ್ದು ಹೊಲಿಸಿದ್ದೆ. ಕರೀ ದಾರ ಮುಗದೈತಿ ಅಂದ ಚಪ್ಪಲಿ ಹೊಲಿಯಾವ, ಕೆಂಪು ದಾರ ಹಾಕಿದ. ನೋಡಿಲ್ಲಿ."

ನೋಡಿದೆ. ಕಪ್ಪು ಚಪ್ಪಲಿಯ ಹೆಬ್ಬೆರಳಿನ ಕುಣಿಕೆಯಲ್ಲಿ ಕೆಂಪು ದಾರದ ನಾಲ್ಕು ಹೊಲಿಗೆ. ಆ ಚಿತ್ರವನ್ನು ನಾನು ಎಷ್ಟೋ ಸಲ ನೋಡಿದ್ದೆ, ದೊಡ್ಡದು ಮಾಡಿ, ಚಿಕ್ಕದು ಮಾಡಿ. ಆ ದಾರ ನನಗೆ ಒಮ್ಮೆಯೂ ಕಂಡಿರಲಿಲ್ಲ. ನಾನು ಹಾಕಿದ್ದು ಮಂಗಳವಾರ, ಅವಳು ಅತ್ತೆಗೆ ಹೇಳಿದ್ದು ಗುರುವಾರ. ನಡುವಿನ ಎರಡು ದಿನ ಯಾರೂ ಇವರ ಕೈಗೆ ಫೋನ್ ಕೊಡಲಿಲ್ಲ. ಫೋನಿಗಿಂತ ಮೊದಲು ಅವಳೇ ಹೇಳುವಂತಾದದ್ದು ನನ್ನ ಜಾಣತನದಿಂದಲ್ಲ.

"ಇದನ್ನೂ ತೆಗೀಲೇನ್ರಿ?" ಎಂದೆ.

"ಯಾಕ ತೆಗೀತಿ? ಆಕಿ ಹೇಳ್ಯಾಳಲ್ಲ ನನಗ." ಮತ್ತೆ ಫೋನಿನತ್ತ ಬಗ್ಗಿದರು. "ಖರೇ ಒಂದು ಮಾತು ಅಂತೀನಿ, ಸಿಟ್ಟಾಗಬ್ಯಾಡ."

"ಹೇಳ್ರಿ."

"ದೇವರ ಮನಿ ಮುಂದ ಚಪ್ಪಲಿ ಹಿಂಗ ಬಿಡ್ತಾರೇನು? ಒಂದು ಅತ್ತಾಗ, ಒಂದು ಇತ್ತಾಗ. ಆ ಬೂಟು ಯಾರವೋ, ಬೋರಲು ಬಿದ್ದಾವ. ಊರೆಲ್ಲಾ ನೋಡೋ ಫೋಟೋ ಅಂತೀರಿ, ಸಾಲಾಗಿ ಇಡಿಸಿ ತೆಗೀಬೇಕೋ ಬ್ಯಾಡೋ?"

ನಾನು ಚೀಲದಿಂದ ನೋಟ್‌ಬುಕ್ ತೆಗೆದು ಬರೆದುಕೊಂಡೆ. ಭಾನುವಾರದ ಆ ಪುಟ ಇನ್ನೂ ಖಾಲಿಯಿತ್ತು. ವೆಬ್‌ಸೈಟಿನ ಬಗ್ಗೆ ಆ ಪುಟಕ್ಕೆ ಸಿಕ್ಕ ಮೊದಲ ತಪ್ಪು ಅದು. ಬಳೆ ಮಾರುವ ಅಜ್ಜಿ ಹೇಳಿದ ಹಾಗೆ, ಕಟ್ಟೆಯ ಮೇಲೆಯೇ ಸಿಕ್ಕಿತು.

ತಲೆ ಎತ್ತುವಷ್ಟರಲ್ಲಿ ಅವರು ಎದ್ದು ಬಾಗಿಲ ಹತ್ತಿರ ಹೋಗಿದ್ದರು. ಕಾಲಿನಿಂದಲೇ ಒಂದೊಂದು ಚಪ್ಪಲಿಯನ್ನು ನೂಕಿ ಜೋಡಿ ಮಾಡಿ, ಗೋಡೆಗುಂಟ ಸಾಲು ಹಿಡಿಸುತ್ತಿದ್ದರು. ಕೆಂಪು ದಾರದ ಜೊತೆಯನ್ನು ಮಾತ್ರ ಬಗ್ಗಿ ಕೈಯಿಂದ ಎತ್ತಿಟ್ಟರು. ತಮ್ಮ ಚಪ್ಪಲಿ ಕಟ್ಟೆಯ ಕೆಳಗೇ ಇದ್ದವು.

"ಈಗ ತೆಗಿ."

"ಒಳಗಿದ್ದೋರನ್ನ ಕೇಳಿ ಬರ್ತೀನ್ರಿ ಮೊದಲ."

"ಚಪ್ಪಲಿಗೆ ಕೇಳೋದೇನೈತಿ?"

"ಐತ್ರಿ" ಎಂದೆ. "ನಿಮ್ಮವು ಇಡಲೇನು?"

ಅವರು ಕಟ್ಟೆಯ ಕಡೆ ನೋಡಿದರು, ಒಳಗೆ ಹಾಡುತ್ತಿದ್ದ ಸೊಸೆಯ ಬೆನ್ನು ನೋಡಿದರು.

"ಅವು ಅಲ್ಲೇ ಇರ್ಲಿ" ಎಂದರು. "ನೀ ಜಲ್ದಿ ಕೇಳಿ ಬಾ. ಆಕಿ ಮುಗಿಸಿ ಬರೋತನಕ ನಾ ಇಲ್ಲೇ ಕುಂತಿರ್ತೀನಿ."