ಬಸಿರಿಗಿಂತ ಮುಂಚಿನ ಮಾತ್ರೆ

ಕಾಯಿಲೆ ಇಲ್ಲದೆ ಮಾತ್ರೆ ನುಂಗುವ ಅಭ್ಯಾಸ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಕಾಯಿಲೆ ಬಂದಾಗಲೂ ಅಷ್ಟಕ್ಕಷ್ಟೇ. ಜ್ವರಕ್ಕೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆಯಲ್ಲಿ ನಮ್ಮಮ್ಮ ಅರ್ಧ ನುಂಗುತ್ತಿದ್ದಳು. ಮೈ ತಣ್ಣಗಾಗುತ್ತಿದ್ದಂತೆ ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಎತ್ತಿಡುತ್ತಿದ್ದಳು. ಆ ಮುಂದಿನ ಜ್ವರ ಅವಳಿಗೇ ಬರಬೇಕೆಂದೇನೂ ಇರಲಿಲ್ಲ, ಮನೆಯಲ್ಲಿ ಯಾರಿಗೆ ಬಂದರೂ ಆಗುತ್ತಿತ್ತು. ಅಜ್ಜಿಯ ಮಂಡಿನೋವಿನ ಮಾತ್ರೆಯನ್ನು ಅಪ್ಪನ ಬೆನ್ನುನೋವಿಗೆ ಕೊಟ್ಟು, "ನೋವು ನೋವೇ ಅಲ್ವಾ" ಎಂದವಳು ಅವಳು. ಇಂಥವಳ ಮಗಳಾದ ನಾನು ಜ್ವರವಿಲ್ಲದೆ, ನೋವಿಲ್ಲದೆ, ಬೆಳಗಾದರೆ ಒಂದು ಹಳದಿ ಮಾತ್ರೆಯನ್ನು ಭಕ್ತಿಯಿಂದ ನುಂಗುತ್ತ ತಿಂಗಳುಗಟ್ಟಲೆ ಕಳೆದೆ. ಅದೂ ನನಗಾಗಿ ಅಲ್ಲ. ಇನ್ನೂ ಹುಟ್ಟದ, ಹುಟ್ಟುವ ಮಾತು ಹಾಗಿರಲಿ, ಇನ್ನೂ ಹೊಟ್ಟೆಗೇ ಬಾರದ ಒಬ್ಬರಿಗಾಗಿ.

ಹೊಸೂರು ರಸ್ತೆಯ ಮೇಲ್ಸೇತುವೆಯನ್ನು ಇನ್ನೂ ಕಟ್ಟುತ್ತಿದ್ದ ಕಾಲ ಅದು. ನಾವಿದ್ದದ್ದು ಹೆಬ್ಬಗೋಡಿಯ ಒಂದು ವಠಾರದಲ್ಲಿ. ಒಂದೇ ಸಾಲಿನಲ್ಲಿ ಬೆಂಕಿಪೊಟ್ಟಣದಂಥ ಮನೆಗಳು, ಎಲ್ಲರಿಗೂ ಸೇರಿ ಅಂಗಳದಲ್ಲಿ ಒಂದು ನಲ್ಲಿ, ಸಾಲಿನ ತುದಿಗೆ ಓನರಮ್ಮನ ದೊಡ್ಡ ಮನೆ, ಅದರ ಪಕ್ಕದಲ್ಲಿ ಅವರ ಸೀಮೆಹಸುವಿನ ಕೊಟ್ಟಿಗೆ. ಹೊಲವೆಲ್ಲ ಫ್ಯಾಕ್ಟರಿಗಳಿಗೆ ಹೋದರೂ ಓನರಮ್ಮ ಹಸುವನ್ನು ಮಾತ್ರ ಬಿಟ್ಟಿರಲಿಲ್ಲ. ನನ್ನ ಗಂಡನಿಗೆ ಜಿಗಣಿಯ ಒಂದು ಕಾರ್ಖಾನೆಯಲ್ಲಿ ಮೆಷಿನ್ ರಿಪೇರಿ ಕೆಲಸ. ನನಗೆ ಬೊಮ್ಮಸಂದ್ರದಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಭೂತಗನ್ನಡಿಯ ಕೆಳಗಿಟ್ಟು ತಪ್ಪು ಹುಡುಕುವ ಕೆಲಸ. ದಿನವಿಡೀ ತಪ್ಪು ಹುಡುಕಿದವಳು ಮನೆಗೆ ಬಂದು ಸುಮ್ಮನಿರುತ್ತಾಳೆಯೆ? ಗಂಡ ಒಗೆದ ಅಂಗಿಯಿಂದ ಹಿಡಿದು ಪಕ್ಕದ ಮನೆಯವರ ರಂಗೋಲಿಯವರೆಗೆ ಎಲ್ಲವೂ ನನ್ನ ತಪಾಸಣೆಗೆ ಒಳಪಟ್ಟೇ ಪಾಸಾಗಬೇಕಿತ್ತು.

ಮೊದಲನೆಯ ಬಸಿರು ಮೂರು ತಿಂಗಳು ತುಂಬುವ ಮೊದಲೇ ಕರಗಿಹೋಯಿತು. ಇದನ್ನು ಹೇಗೆ ಹೇಳಿದರೂ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಅದೇ ಅದರ ಸಂಕಟ. ಸಂತೋಷ ತಡೆಯಲಾರದೆ ನಾನು ಎಲ್ಲರಿಗೂ ಮೊದಲೇ ಹೇಳಿಬಿಟ್ಟಿದ್ದೆ. ಹಾಗಾಗಿ ಎಲ್ಲರಿಗೂ ಮತ್ತೆ ಹೇಳಬೇಕಾಯಿತು. ಆಮೇಲೆ ಕಾರಣಗಳ ಸುರಿಮಳೆ. ಪರಂಗಿಹಣ್ಣು ತಿಂದಿದ್ದಳಂತೆ ಎಂದರು ಕೆಲವರು. ಕಿತ್ತುಹೋದ ರಸ್ತೆಯಲ್ಲಿ ಬಸ್ಸು ಕುಲುಕಿದ್ದಕ್ಕೆ ಎಂದರು ಇನ್ನು ಕೆಲವರು. ಬಹುಮತ ಮಾತ್ರ ನಲ್ಲಿಯಿಂದ ತುಂಬಿದ ಕೊಡ ಎತ್ತಿದ್ದಕ್ಕೇ ಎಂಬುದರ ಕಡೆಗಿತ್ತು. ಬೇರೆಯವರ ಬಾಯಿ ಹಾಗಿರಲಿ, ನಾನೇ ಆ ದಿನಗಳನ್ನೆಲ್ಲ ಭೂತಗನ್ನಡಿಯ ಕೆಳಗಿಟ್ಟುಕೊಂಡು ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದೆ. ನನ್ನ ಕೆಲಸದ ಗುಣವೇ ಅದು. ಬೋರ್ಡು ಕೆಟ್ಟಿದೆ ಎಂದರೆ ಎಲ್ಲೋ ಯಾರೋ ಬೆಸುಗೆ ಸರಿಯಾಗಿ ಹಾಕಿಲ್ಲ ಎಂದೇ ಅರ್ಥ.

ಮತ್ತೆ ಪ್ರಯತ್ನಿಸಬಹುದೇ ಎಂದು ಕೇಳಲು ಹೋದಾಗ ಡಾಕ್ಟರಮ್ಮ ಚೀಟಿಯಲ್ಲಿ ಫೋಲಿಕ್ ಆಸಿಡ್ ಎಂದು ಬರೆದರು. ಆಸಿಡ್ ಎಂದರೆ ನನಗೆ ಗೊತ್ತಿದ್ದದ್ದು ಬಚ್ಚಲು ತೊಳೆಯುವುದು ಮಾತ್ರ. ಎಲ್ಲರೂ ಹೇಳಿದ ಕಾರಣಗಳನ್ನು ಆಗಲೇ ನನ್ನ ಬಾಯಿಂದ ಕೇಳಿದ್ದ ಅವರು ನನ್ನ ಮುಖ ನೋಡಿ ಪೆನ್ನು ಕೆಳಗಿಟ್ಟರು.

"ನೋಡಿ ಶೋಭಾ, ಅದು ಪರಂಗಿಹಣ್ಣಿಂದ ಹೋಗಿದ್ದಲ್ಲ, ಬಸ್ಸಿಂದ ಹೋಗಿದ್ದಲ್ಲ, ಕೊಡ ಎತ್ತಿದ್ದಕ್ಕೂ ಅಲ್ಲ. ಕೆಲವು ಸಲ ಹೀಗಾಗಿಬಿಡುತ್ತೆ. ಯಾರ ತಪ್ಪೂ ಅಲ್ಲ."

"ಹಾಗಾದ್ರೆ ಈ ಮಾತ್ರೆ ತಗೊಂಡ್ರೆ ಈ ಸಲ ನಿಲ್ಲುತ್ತಾ ಮೇಡಂ?"

"ಆ ಭರವಸೆ ಮಾತ್ರೆ ಕೊಡಲ್ಲ, ನಾನೂ ಕೊಡಲ್ಲ. ಮಗುವಿನ ಮೆದುಳು, ಬೆನ್ನುಹುರಿ ಸರಿಯಾಗಿ ಕೂಡ್ಕೊಳ್ಳೋಕೆ ಇದು ಬೇಕು. ಆ ಕೆಲಸ ಮೊದಲ ವಾರಗಳಲ್ಲೇ ಆಗೋಗುತ್ತೆ. ಬಸಿರು ಅಂತ ನಿಮಗೆ ಗೊತ್ತಾಗೋ ಹೊತ್ತಿಗೆ ತಡ ಆಗಿರುತ್ತೆ. ಅದಕ್ಕೇ ಮುಂಚಿನಿಂದ ತಗೋಬೇಕು."

ಯಾರ ತಪ್ಪೂ ಅಲ್ಲ ಎಂಬ ಮಾತು ಕೇಳಿ ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಆ ಕ್ಲಿನಿಕ್ಕಿನಿಂದ ನಾನು ತಂದ ಮೊದಲ ಔಷಧಿ ಆ ಮಾತು. ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ ಎಂದು ಇಂದಿಗೂ ಅಂದುಕೊಳ್ಳುತ್ತೇನೆ.

ಫೋಲಿಕ್ ಎಂಬ ಹೆಸರಿನ ಮೂಲ ಎಲ್ಲೋ ಪರದೇಶದ ಹಳೆಯ ಭಾಷೆಯಲ್ಲಿ ಎಲೆ ಎಂಬ ಮಾತಿನಲ್ಲಿದೆಯಂತೆ. ಸೊಪ್ಪಿನಲ್ಲಿ ಸಿಕ್ಕಿದ ವಸ್ತುವಾದ್ದರಿಂದ ಆ ಹೆಸರು. ಇದನ್ನು ತಿಳಿದ ಮೇಲೆ ಆ ಮಾತ್ರೆಯ ಮೇಲೆ ನನಗಿದ್ದ ಅನುಮಾನ ಅರ್ಧ ಕರಗಿತು. ಎಲೆಯೆಂದರೆ ನಮಗೆ ಹೊಸದೇ? ದೇವರಿಗೆ ಪತ್ರೆ, ಊಟಕ್ಕೆ ಬಾಳೆಲೆ, ಬಾಗಿಲಿಗೆ ಮಾವಿನೆಲೆ, ಮಾತು ಪಕ್ಕಾ ಆಗಬೇಕಾದರೆ ವೀಳ್ಯದೆಲೆ. ಎಲೆಯಿಲ್ಲದೆ ನಮ್ಮಲ್ಲಿ ಹುಟ್ಟೂ ಇಲ್ಲ, ಮದುವೆಯೂ ಇಲ್ಲ. ಹಾಗಾದರೆ ದಿನಾ ಸೊಪ್ಪು ತಿಂದರೆ ಸಾಲದೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಸೊಪ್ಪು ಒಳ್ಳೆಯದೇ, ಆದರೆ ನಾವು ಅದನ್ನು ಬೇಯಿಸುವ ಪರಿಗೆ ಒಳಗಿನದು ಬಹುಪಾಲು ಹೋಗಿಬಿಡುತ್ತದೆ ಎಂದರು ಡಾಕ್ಟರಮ್ಮ. ಅದು ನಿಜ. ನಮ್ಮ ಮನೆಯಲ್ಲಿ ದಂಟಿನ ಸೊಪ್ಪು ಒಲೆಯಿಂದ ಇಳಿಯುವ ಹೊತ್ತಿಗೆ ಅದು ಯಾವ ಜಾತಿಯ ಸೊಪ್ಪಾಗಿತ್ತೆಂದು ಬಿತ್ತಿದವನಿಗೂ ಗುರುತು ಸಿಗುತ್ತಿರಲಿಲ್ಲ.

ನನ್ನ ಗಂಡನಿಗೆ ಮಾತ್ರ ಈ ವಿದ್ಯೆ ತಕ್ಷಣ ಹತ್ತಿತು. "ಇದು ಪಕ್ಕಾ ನಮ್ ಡಿಪಾರ್ಟ್‌ಮೆಂಟ್ ಕಣೇ," ಎಂದರು. "ಮೆಷಿನ್ ನಿಂತ್ಮೇಲೆ ಬಿಚ್ಚೋದು ರಿಪೇರಿ. ಶುರು ಮಾಡೋಕ್ ಮುಂಚೆನೇ ಎಣ್ಣೆ ಬಿಡೋದು ಮೇಂಟೆನೆನ್ಸ್." ನನ್ನನ್ನು ಮೆಷಿನ್ ಎಂದದ್ದಕ್ಕೆ ಒಂದು ಸುತ್ತು ಬೈದೆ. ಆದರೆ ಅಂದಿನಿಂದ ಬೆಳಿಗ್ಗೆ ಒಂದು ಲೋಟ ನೀರು, ಮುಚ್ಚಳದ ಮೇಲೆ ಒಂದು ಮಾತ್ರೆ ಒಲೆಯ ಕಟ್ಟೆಯ ಮೇಲೆ ಸಿದ್ಧವಾಗಿರುತ್ತಿದ್ದವು. ಅವರದು ರಾತ್ರಿ ಪಾಳಿಯಾದರೆ ಹೊರಡುವ ಮೊದಲೇ ಇಟ್ಟು ಹೋಗುತ್ತಿದ್ದರು. ಮದುವೆಯಲ್ಲಿ ಕಟ್ಟಿದ ತಾಳಿಗಿಂತ ಆ ಲೋಟ ನನಗೆ ಹೆಚ್ಚು ಭರವಸೆ ಕೊಟ್ಟಿತು.

ಕಷ್ಟವಾಗುತ್ತಿದ್ದದ್ದು ಮುಟ್ಟಾದ ದಿನ. ಅಂದೂ ಮಾತ್ರೆ ನುಂಗಬೇಕು. ಬರುವುದಿಲ್ಲ ಎಂದು ಹೇಳಿ ಕಳಿಸಿದ ನೆಂಟರಿಗೆ ಎಲೆ ಹಾಕಿ ಕಾದಂತೆ ಅದು. ಒಮ್ಮೆ ಸಿಟ್ಟು ಬಂದು, "ಯಾರಿಗೆ ಅಂತ ನುಂಗ್ಲಿ?" ಎಂದು ಲೋಟವನ್ನು ಸರಿಸಿದೆ. ಅವರು ಲೋಟವನ್ನು ಮತ್ತೆ ಹತ್ತಿರ ಸರಿಸಿ ತಮ್ಮ ಪಾಡಿಗೆ ಶೂ ಲೇಸು ಕಟ್ಟುತ್ತ ಕೂತರು. ಕಟ್ಟಿದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದದ್ದನ್ನು ಕಂಡು ನನಗೆ ಪಾಪ ಅನ್ನಿಸಿ ನುಂಗಿದೆ.

ಈ ಸಲ ಯಾರಿಗೂ ಸುಳಿವು ಕೊಡಬಾರದೆಂದು ಶಪಥ ಮಾಡಿದ್ದೆ. ಬಸಿರನ್ನು ಮೂರು ತಿಂಗಳು ಬಚ್ಚಿಡುವುದು ಎಲ್ಲರೂ ಮಾಡುವ ಕೆಲಸ. ನಾನು ಬಸಿರಾಗುವ ಆಸೆಯನ್ನೇ ಬಚ್ಚಿಟ್ಟೆ. ವಠಾರದಲ್ಲಿ ಬಾಗಿಲು ತೆರೆದೇ ಇರುತ್ತದೆ, ಕರಿಬೇವು ಕೇಳಲು ಬಂದವರು ನೇರ ಅಡುಗೆಮನೆಗೆ ಬರುತ್ತಾರೆ. ಆದ್ದರಿಂದ ಮಾತ್ರೆಯ ಹಾಳೆಯನ್ನು ಬಳೆಪೆಟ್ಟಿಗೆಯ ತಳದಲ್ಲಿಟ್ಟೆ. ಖಾಲಿಯಾದ ಹಾಳೆಯನ್ನು ಹಾಗೇ ಬಿಸಾಡದೆ ಹಳೆಯ ಪೇಪರಿನಲ್ಲಿ ಸುತ್ತಿ, ಉಂಡೆ ಮಾಡಿ, ಗೇಟಿನ ಬಳಿಯ ಕಸದ ಬುಟ್ಟಿಗೆ ಹಾಕಿ ಬಸ್ಸು ಹತ್ತುತ್ತಿದ್ದೆ. ಪತ್ತೇದಾರರೂ ಮೆಚ್ಚಬೇಕು, ಅಷ್ಟು ಜಾಗ್ರತೆ.

ಅದೇ ದಿನಗಳಲ್ಲಿ ನಲ್ಲಿಯ ಬಳಿ ನನಗೂ ರೇಣುಕಕ್ಕನಿಗೂ ಮುಸುಕಿನ ಗುದ್ದಾಟ ಶುರುವಾಯಿತು. ರೇಣುಕಕ್ಕ ಪಕ್ಕದ ಮನೆಯವಳು, ಬಾಗಲಕೋಟೆ ಕಡೆಯವಳು, ಮೇಲ್ಸೇತುವೆಯ ಕೆಲಸಕ್ಕೆ ಹೋಗುವವಳು. ಬೆಳಿಗ್ಗೆ ಓನರಮ್ಮ ಮೋಟರ್ ಹಾಕಿದರೆ ಒಂದೊಂದು ಮನೆಯದೂ ಪಾಳಿ. ಕೊನೆಯ ಪಾಳಿಯವರಿಗೆ ಲಾಭ, ಮೋಟರ್ ನಿಲ್ಲುವವರೆಗೂ ಹಿಡಿಯಬಹುದು. ಆ ಕೊನೆಯ ಪಾಳಿ ನನ್ನದು. ನಾನು ಹೋಗುವಷ್ಟರಲ್ಲಿ ಈಕೆ ನಾನು ಸಾಲಿನಲ್ಲಿಟ್ಟಿದ್ದ ಕೊಡಗಳನ್ನೇ ನಲ್ಲಿಯ ಕೆಳಗಿಟ್ಟುಕೊಂಡು ನಿಂತಿರುತ್ತಿದ್ದಳು. ಕೇಳಿದರೆ, "ನನ್ನ ಕೊಡ ಸೋರಾಕತ್ತೈತಿ ತಂಗಿ, ನಿನ್ನ ಕೊಡದಾಗ ಹಿಡದೀನಿ. ಹಂಗ ನಿಮ್ಮ ಮನಿಗೇ ಇಟ್ಟ ಬರತೀನಿ, ನೀ ನಡಿ, ಬಸ್ಸ ಹೋಗತೈತಿ," ಎನ್ನುತ್ತಿದ್ದಳು. ಸೋರುವುದು ಅವಳ ಕೊಡ, ತುಂಬುವುದು ನನ್ನ ಮನೆಯ ಹಂಡೆ. ಇದರಲ್ಲಿ ತರ್ಕ ಎಲ್ಲಿದೆ ಎಂದು ನಾನು ತಲೆ ಕೆಡಿಸಿಕೊಂಡೆ. ಕೊನೆಗೆ ನನ್ನ ತಪಾಸಕ ಬುದ್ಧಿಗೆ ಹೊಳೆದದ್ದು ಒಂದೇ: ಇವತ್ತು ನನ್ನ ಕೊಡ ಹಿಡಿದವಳು ನಾಳೆ ನನ್ನ ಪಾಳಿಯನ್ನೇ ಹಿಡಿಯುತ್ತಾಳೆ.

ಓನರಮ್ಮನಲ್ಲಿಗೆ ದೂರು ಹೋಯಿತು. ಅವರು ಹಸುವಿನ ಮೈ ತಿಕ್ಕುತ್ತ ಪೂರ್ತಿ ಕೇಳಿಸಿಕೊಂಡು, "ಓಗ್ಲಿ ಬಿಡವ್ವ, ಆಯಮ್ಮ ವಸಿ ಒರಟು. ನಾನ್ ಯೋಳ್ತೀನಿ," ಎಂದರು. ಹೇಳಿದ ಲಕ್ಷಣ ಕಾಣಲಿಲ್ಲ. ಮರುದಿನದಿಂದ ರೇಣುಕಕ್ಕ ಕೆಲಸಕ್ಕೆ ಬೇಗ ಹೋದ ದಿನಗಳಲ್ಲಿ ನನ್ನ ಕೊಡಗಳ ಬಳಿ ಓನರಮ್ಮನೇ ನಿಂತಿರತೊಡಗಿದರು. ಇಡೀ ವಠಾರವೇ ನನ್ನ ನೀರಿನ ಮೇಲೆ ಕಣ್ಣಿಟ್ಟಿದೆ ಎಂದು ಗಂಡನ ಮುಂದೆ ಕೂಗಾಡಿದೆ. "ಬಿಟ್ಟಿ ನೀರು ತುಂಬ್ಕೊಡ್ತಾರೆ ಅಂತ ಜಗಳ ಆಡೋಳು ನೀನೊಬ್ಳೇ ಕಣೇ," ಎಂದು ಅವರು ನಕ್ಕರು.

ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಮುಟ್ಟು ನಿಂತಿತು. ಸಂತೋಷಪಡಲು ಧೈರ್ಯವಿರಲಿಲ್ಲ. ಬಚ್ಚಲಿಗೆ ಹೋದಾಗಲೆಲ್ಲ ಕಲೆಯಾಗಿದೆಯೇ ಎಂದು ಬಟ್ಟೆ ನೋಡಿಕೊಳ್ಳುತ್ತಿದ್ದೆ. ಹೋದ ಸಲ ಕಳೆದುಕೊಂಡ ವಾರ ಬಂದಾಗ ನಾನು ಜೋರಾಗಿ ಕೆಮ್ಮಲೂ ಹೆದರಿದೆ. ಆ ವಾರ ಕಳೆಯಿತು. ಸ್ಕ್ಯಾನಿಂಗ್ ಮಾಡಿ, ಎದೆಬಡಿತ ಚೆನ್ನಾಗಿದೆ, ಬೆನ್ನುಮೂಳೆಯ ಸಾಲು ನೋಡಿ ಎಂದು ತೋರಿಸಿದರು. ಬಿಳಿ ಮಣಿ ಪೋಣಿಸಿದ ಹಾಗಿತ್ತು. ನನ್ನ ಜೀವಮಾನದಲ್ಲಿ ನಾನು ಒಂದೂ ತಪ್ಪು ಹುಡುಕದೆ ನೋಡಿದ ವಸ್ತು ಅದೊಂದೇ.

ಪೇಡೆ ತೆಗೆದುಕೊಂಡು ವಠಾರಕ್ಕೆ ಸುದ್ದಿ ಹೇಳಲು ಹೊರಟೆ. ಓನರಮ್ಮ ಬಾಯಿಯ ಮೇಲೆ ಕೈಯಿಟ್ಟು, "ಅಯ್ ಔದಾ! ಗೊತ್ತೇ ಆಗ್ಲಿಲ್ವಲ್ಲವ್ವ!" ಎಂದರು. ರೇಣುಕಕ್ಕನ ಮನೆಗೆ ಹೋದರೆ ಅವಳೂ ಬಾಯಿಯ ಮೇಲೆ ಕೈಯಿಟ್ಟಳು, ಆದರೆ ನಾನಿನ್ನೂ ವಿಷಯ ಹೇಳಿರಲೇ ಇಲ್ಲ. ಆಗಲೂ ನನಗೆ ಏನೂ ಹೊಳೆಯಲಿಲ್ಲ. ಕೂದಲೆಳೆಯಂಥ ಬಿರುಕನ್ನು ಹಿಡಿಯುವ ಕಣ್ಣು ನನ್ನದು ಎಂದು ಫ್ಯಾಕ್ಟರಿಯಲ್ಲಿ ಹೆಸರು.

ಗುಟ್ಟು ಬಯಲಾದದ್ದು ಏಳನೆಯ ತಿಂಗಳಲ್ಲಿ, ವಠಾರದವರೆಲ್ಲ ಸೇರಿ ನನಗೆ ಹಸಿರು ಬಳೆ ತೊಡಿಸಿದ ಮಧ್ಯಾಹ್ನ. ಬಳೆಪೆಟ್ಟಿಗೆ ತೆಗೆದಾಗ ತಳದಲ್ಲಿದ್ದ ಹಳೆಯ ಮಾತ್ರೆಯ ಹಾಳೆ ಕೆಳಗೆ ಬಿತ್ತು. ನಾನು ಗಾಬರಿಯಿಂದ ಮುಚ್ಚಿಕೊಳ್ಳಹೋದರೆ ಹೆಂಗಸರೆಲ್ಲ ಬಿದ್ದು ಬಿದ್ದು ನಗತೊಡಗಿದರು. ಓನರಮ್ಮ ಕಣ್ಣೊರೆಸಿಕೊಂಡು ಹೇಳಿದರು: "ಅಲ್ಲ ಕಣವ್ವ, ಈ ವಠಾರದಾಗೆ ಪೇಪರ್‌ನಾಗೆ ಸುತ್ತಿ ಬುಟ್ಟಿಗಾಕೋದು ಏನೇಳು? ತರಕಾರಿ ಸಿಪ್ಪೆ. ಯಾರಿಗೋಸ್ಕರ? ನಮ್ ಅಸೂಗೆ. ನಾನ್ ಒಂದೊಂದ್ ಉಂಡೇನೂ ಬಿಚ್ಚಿ ನೋಡ್ದೆ ಅಸೂಗೆ ಆಕ್ತೀನಾ? ನಮ್ ಸೊಸೇನೂ ಬಸ್ರಿಗ್ ಮುಂಚೆ ಅದೇ ಮಾತ್ರೆ ನುಂಗಿದ್ಲು, ನಂಗ್ ಗೊತ್ತಾಗಾಕಿಲ್ವಾ?"

ನಾನು ಆ ಬುಟ್ಟಿ ಪಂಚಾಯ್ತಿಯ ಕಸದವರಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಬೆಳಿಗ್ಗೆ ಹೋದರೆ ಸಂಜೆ ಬರುವವಳು, ನಡುವೆ ಏನಾಗುತ್ತದೆಂದು ನೋಡಿದವಳಲ್ಲ. ಹಾಗೆಯೇ ಬಿಸಾಡಿದ್ದರೆ ಬಹುಶಃ ಯಾರೂ ಗಮನಿಸುತ್ತಿರಲಿಲ್ಲ. ಬಚ್ಚಿಡಲೆಂದು ಸುತ್ತಿದ್ದರಿಂದಲೇ ಬಿಚ್ಚಿ ನೋಡಿದ್ದಾರೆ. ನೋಡಿದವರು ತಮ್ಮತಮ್ಮಲ್ಲೇ ಹೇಳಿಕೊಂಡಿದ್ದಾರೆ, ನನ್ನೆದುರು ಒಂದು ಮಾತು ಆಡಿಲ್ಲ, ನನ್ನನ್ನು ಒಂದು ಪ್ರಶ್ನೆ ಕೇಳಿಲ್ಲ. ಸದ್ದಿಲ್ಲದೆ ನನ್ನ ಕೊಡಗಳನ್ನು ಎತ್ತಿಕೊಂಡಿದ್ದಾರೆ. ಕೊಡ ಎತ್ತಿದ್ದಕ್ಕೆ ಬಸಿರು ಹೋಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಅದು ಸರಿ ಎಂದೇ ಈಗಲೂ ನಂಬುತ್ತೇನೆ. ಆದರೂ ಇಂದಿಗೂ ನಲ್ಲಿಯ ಕೆಳಗೆ ಕೊಡ ಇಟ್ಟಾಗಲೆಲ್ಲ ಆ ನೀರು ನೆನಪಾಗುತ್ತದೆ.

ಮಗಳು ಹುಟ್ಟಿದಳು. ಅವಳಿಗೆ ನೀರು ಹಾಕುವ ಹೊಣೆ ರೇಣುಕಕ್ಕನದು. ಕಾಲು ಚಾಚಿ ಕೂತು, ಕೂಸನ್ನು ಕಾಲಿನ ಮೇಲೆ ಬೋರಲು ಮಲಗಿಸಿ, ಬೆನ್ನಿನ ಉದ್ದಕ್ಕೂ ಎಣ್ಣೆ ನೀವಿ ಬಿಸಿನೀರು ಹಾಕುತ್ತಿದ್ದಳು. ಹಾಗೆ ನೋಡುತ್ತ ಕೂತಿದ್ದಾಗ ಒಂದು ದಿನ ನನ್ನ ತಪಾಸಕ ಬುದ್ಧಿ ತಡವಾಗಿ ಎಚ್ಚರಗೊಂಡಿತು. ಅವಳು ಕೊಡ ಹಿಡಿಯತೊಡಗಿದ್ದು ದಸರೆಯ ಆಸುಪಾಸಿನಲ್ಲಿ. ನಾನು ಬಸಿರಾದದ್ದು ಸಂಕ್ರಾಂತಿ ಕಳೆದ ಮೇಲೆ. ಇಡೀ ದಿನ ಮೇಲ್ಸೇತುವೆಗೆ ಕಬ್ಬಿಣ ಹೊರುವ ಹೆಂಗಸು, ಅಷ್ಟು ತಿಂಗಳು, ಹೊಟ್ಟೆಯಲ್ಲಿ ಏನೂ ಇಲ್ಲದವಳ ನೀರು ಹೊತ್ತಿದ್ದಳು.

"ಅಕ್ಕಾ, ನೀನು ಶುರು ಮಾಡಿದಾಗ ನಂಗಿನ್ನೂ ಮುಟ್ಟು ನಿಂತೇ ಇರ್ಲಿಲ್ಲ," ಎಂದೆ.

ಅವಳು ಕೂಸಿನ ಬೆನ್ನಿಗೆ ಇನ್ನೊಂದು ತಂಬಿಗೆ ನೀರು ಹಾಕಿದಳು. "ನಿಂತೈತಿ, ನಿಂತಿಲ್ಲ ಅಂತ ನಿನ್ನ ಹೆಂಗ ಕೇಳಲಿ ತಂಗಿ? ಕೇಳಿದ್ರ ನಿನಗ ಅಳು ಬರತಿತ್ತು. ಅದಕ್ಕ ದಿನಾ ಹೊತ್ತೆ."