ಶಿಥಿಲ ಎಂದು ಬರೆದೆ

ಸಂಡೂರಿನ ಹಳೇ ಓಣಿಯಲ್ಲಿದ್ದ ನಮ್ಮ ಪ್ರಾಥಮಿಕ ಶಾಲೆಯ ಕಟ್ಟಡ ಮೊದಲು ಜೋಳ, ಶೇಂಗಾ ತುಂಬಿಡುವ ಗೋದಾಮಾಗಿತ್ತು. ವ್ಯಾಪಾರ ನಿಂತ ಮೇಲೆ ಅದರ ಒಡೆಯರು ಅದನ್ನು ಓಣಿಯ ಮಕ್ಕಳಿಗೆಂದು ಬಿಟ್ಟುಕೊಟ್ಟರಂತೆ. ಗೋದಾಮಾಗಿದ್ದರಿಂದ ಕಿಟಕಿಗಳು ದೊಡ್ಡವಳಾದ ನನ್ನ ಕೈಗೂ ಎಟುಕುತ್ತಿರಲಿಲ್ಲ, ಬಾಗಿಲು ಮಾತ್ರ ಚಕ್ಕಡಿ ಹಾಯುವಷ್ಟು ಅಗಲ. ಗೋಡೆ ಎಷ್ಟು ದಪ್ಪವೆಂದರೆ, ಅದರ ಗೂಡಿನೊಳಗೆ ಒಂದನೇ ತರಗತಿಯ ಹುಡುಗಿಯೊಬ್ಬಳು ಕಾಲು ಮಡಚಿ ಕುಳಿತು ಮಗ್ಗಿ ಹೇಳುತ್ತಿದ್ದಳು. ಇಳಿಯೇ ಅಂದರೆ ಇಳಿಯುತ್ತಿರಲಿಲ್ಲ. ನಾನು ಅಲ್ಲಿ ಟೀಚರ್ ಆಗಿದ್ದೆ. ಬೇಸಿಗೆಯಲ್ಲಿ ಊರೆಲ್ಲ ಕಾದ ಹೆಂಚಾದಾಗಲೂ ಒಳಗೆ ತಂಪು. ಸಂಜೆ ಮನೆಗೆ ಹೋಗಲು ನನಗೇ ಮನಸ್ಸಾಗುತ್ತಿರಲಿಲ್ಲ.

ಮೇಲೆ ತೊಲೆ ಹಾಸಿ ಮಣ್ಣು ಹರವಿದ ಮಾಳಿಗೆ. ಪ್ರತಿ ವರ್ಷ ಮಳೆಗೆ ಮುಂಚೆ ಸವಳು ಮಣ್ಣು ಹಾಕಿ ತುಳಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಅದನ್ನು ಓಣಿಯವರೇ ಮಾಡುತ್ತಿದ್ದರು. ಒಂದು ಭಾನುವಾರ ಮನೆಗೊಬ್ಬರಂತೆ ಬುಟ್ಟಿ ಹಿಡಿದು ಬಂದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತಿತ್ತು. ನಾವು ಮಂಡಕ್ಕಿ, ಮಿರ್ಚಿ, ಚಹಾ ಕೊಡುತ್ತಿದ್ದೆವು.

ಗಣಿ ಕೆಲಸ ಜೋರಾದ ಮೇಲೆ ಭಾನುವಾರವೆಂಬುದೇ ಉಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಗಂಡಸರು, ಹೆಂಗಸರು ಎಲ್ಲರೂ ಯಶವಂತನಗರದ ಕಡೆಯ ಲಾರಿ ಹತ್ತಿ ಅದಿರು ಒಡೆಯಲು ಹೋಗುತ್ತಿದ್ದರು. ಅವರನ್ನು ದೂರುವಂತಿರಲಿಲ್ಲ, ಅಂಥ ಕೂಲಿ ಅವರು ಹಿಂದೆಂದೂ ಕಂಡಿರಲಿಲ್ಲ. ಎರಡು ವರ್ಷ ಮಾಳಿಗೆಗೆ ಮಣ್ಣು ಬೀಳಲಿಲ್ಲ. ಮರುವರ್ಷದ ಮಳೆಗೆ ಒಂದು ಮೂಲೆ ಸೋರಲು ಶುರುವಾಯಿತು. ಗಣಿಯ ಕೆಂಪು ಧೂಳು ಬೆರೆತ ನೀರು ಸುಣ್ಣದ ಗೋಡೆಯ ಮೇಲೆ ಇಳಿದು, ನೋಡಿದವರು ಹೌಹಾರುವಂತಿತ್ತು. ನಿಜ ಹೇಳಬೇಕೆಂದರೆ ಅದು ಒಂದೇ ಮೂಲೆ.

ರಿಪೇರಿಗೆ ಅರ್ಜಿ ಬರೆಯಲು ಹೆಡ್ ಮಾಸ್ತರು ನನಗೆ ಹೇಳಿದರು. "ಮಾಳಗಿ ಸೋರಾಕತ್ತೈತಿ ಅಂತ ಬರೀರಿ ಟೀಚರ್, ಅಷ್ಟ ಸಾಕು," ಎಂದರು. ನನಗೆ ಸಾಕಾಗಲಿಲ್ಲ. ನನ್ನ ಅಕ್ಷರ, ನನ್ನ ಕನ್ನಡ ಎಂದರೆ ನನಗೆ ಸ್ವಲ್ಪ ಜಂಬ. ಬರೀ ಸೋರುತ್ತದೆ ಎಂದರೆ ಆಫೀಸಿನಲ್ಲಿ ಯಾರು ತಿರುಗಿ ನೋಡುತ್ತಾರೆ? 'ಕಟ್ಟಡವು ಸಂಪೂರ್ಣ ಶಿಥಿಲಾವಸ್ಥೆಯಲ್ಲಿದ್ದು, ಮಕ್ಕಳ ಜೀವಕ್ಕೆ ಅಪಾಯವಿರುತ್ತದೆ' ಎಂದು ಬರೆದೆ. ಮಾಸ್ತರು ಓದಿ ಕನ್ನಡಕ ತೆಗೆದರು.

"ಭಾಳ ಆತೇನ್ರಿ ಟೀಚರ್?"

"ಇಷ್ಟು ಬರದ್ರ ಅವರು ರಿಪೇರಿಗರ ರೊಕ್ಕ ಕೊಡ್ತಾರ್ರಿ ಸರ್," ಎಂದೆ. ಅವರು ಸಹಿ ಹಾಕಿದರು.

ನಮ್ಮ ಯಾವ ಅರ್ಜಿಗೂ ಅಷ್ಟು ಬೇಗ ಉತ್ತರ ಬಂದಿರಲಿಲ್ಲ. ಎಂಜಿನಿಯರ್ ಬಂದು ಬಾಗಿಲಲ್ಲೇ ನಿಂತು ಮೂಲೆಯ ಕೆಂಪು ಕಲೆ ನೋಡಿದರು, ಕೈಯಲ್ಲಿದ್ದ ಅರ್ಜಿ ನೋಡಿದರು. "ಜೀವಕ್ಕ ಅಪಾಯ ಅಂತ ನೀವ ಬರದೀರಿ. ಇನ್ನ ರಿಪೇರಿ ಹೆಂಗ ಮಾಡಸಾಕ ಬರ್ತೈತ್ರಿ?" ಎಂದರು. ಕೆಡವಿ ಹೊಸದು ಕಟ್ಟಲು ಆದೇಶವಾಯಿತು. ಬರೀ ಸೋರುತ್ತದೆ, ಬೇರೇನೂ ಆಗಿಲ್ಲ ಎಂದು ನಾನು ಇನ್ನೊಂದು ಅರ್ಜಿ ಬರೆದೆ. ಮೊದಲಿನದಕ್ಕೆ ಸಹಿ ಹಾಕಿದ್ದ ಮಾಸ್ತರು ಇದಕ್ಕೆ ಯಾವ ಮುಖ ಇಟ್ಟುಕೊಂಡು ಹಾಕಬೇಕು? ಅದು ನನ್ನ ಬ್ಯಾಗಿನಲ್ಲೇ ಉಳಿಯಿತು.

ಮಕ್ಕಳನ್ನು ಪಕ್ಕದ ಸಮುದಾಯ ಭವನದಲ್ಲಿ ಕೂರಿಸಿದೆವು. ಕೆಡವಲು ಬಂದ ಮೇಸ್ತ್ರಿ ಒಂದು ದಿನದ ಕೆಲಸವೆಂದುಕೊಂಡಿದ್ದ. ಮಾಳಿಗೆ ಇಳಿಸುವುದಕ್ಕೇ ಒಂದು ದಿನ ಹೋಯಿತು. ಕೆಳಗಿಳಿಸಿದ ತೊಲೆಗಳಿಗೆ ಹುಳು ಸಹ ಹಿಡಿದಿರಲಿಲ್ಲ. ಗೋಡೆಗೆ ಹಾರೆ ನಾಟಲಿಲ್ಲ. ಜೆಸಿಬಿ ತರಿಸಿದ, ಅದೂ ಒದ್ದಾಡಿತು. ಪಾಠ ಮಾಡುವಾಗ ಪ್ರತಿಯೊಂದು ಏಟೂ ನನಗೆ ಕೇಳಿಸುತ್ತಿತ್ತು. ನಾಲ್ಕನೇ ದಿನ ಊಟದ ಬಿಡುವಿನಲ್ಲಿ ಅಲ್ಲಿಗೆ ಹೋದೆ.

ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ, "ಇದನ್ನ ಬೀಳೂ ಕಟ್ಟಡ ಅಂದೋರು ಯಾರ್ರಿ ಅಕ್ಕೋರ?" ಎಂದ.

"ನಾನ ಬರದೇನ್ರಿ," ಎಂದೆ.

ಬೈಯುತ್ತಾನೆ, ಇಲ್ಲವೇ ನಗುತ್ತಾನೆ ಎಂದುಕೊಂಡೆ. ಅವನು ಹಾರೆಯನ್ನು ಗೋಡೆಗೆ ಒರಗಿಸಿ, "ಬರ್ಯಾಕ್ಕಿಂತ ಮೊದಲ ಒಮ್ಮಿ ಗ್ವಾಡಿ ಬಡದು ನೋಡಬೇಕಿತ್ರಿ," ಎಂದ.

ಹನ್ನೊಂದು ವರ್ಷ ಆ ಗೋಡೆಗೆ ಬೆನ್ನು ಕೊಟ್ಟು ಕುಳಿತವಳು ನಾನು. ಒಮ್ಮೆಯೂ ಬಡಿದು ನೋಡಿರಲಿಲ್ಲ.